ಮತದಾನದ ಆಚೆಯ ಸಂಘಟನೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲೂಕುಗಳ ಲೋಕಜೀವನದ ಒಂದು ವಿಚಾರ

೧

ಜಿಲ್ಲೆಯೊಂದರ ರಾಜಕೀಯ ಇತಿಹಾಸವನ್ನು ಬರೆಯಹೊರಟವರಿಗೆ ಸುಲಭವಾಗಿ ಕೈಗೆಟಕುವ ಆಧಾರಗಳು ಎರಡು. ಚಳವಳಿಗಳ ಕಾಲದಲ್ಲಿ ಯಾರು ಯಾರು ಸೆರೆಮನೆಗೆ ಹೋದರೆಂಬ ಪಟ್ಟಿ ಒಂದು; ಚುನಾವಣೆಗಳಲ್ಲಿ ಯಾರು ಯಾರನ್ನು ಎಷ್ಟು ಮತಗಳಿಂದ ಸೋಲಿಸಿದರೆಂಬ ಪಟ್ಟಿ ಇನ್ನೊಂದು. ಎರಡೂ ಬೇಕಾದವುಗಳೇ. ಆದರೆ ಇವುಗಳಿಂದ ತಿಳಿದುಬರುವುದು ಹಬ್ಬಹುಣ್ಣಿಮೆಗಳ ಸಡಗರ ಮಾತ್ರ. ಮನೆಯ ನಿತ್ಯದ ಒಲೆ ಹೇಗೆ ಉರಿಯಿತೆಂಬುದು ಇವುಗಳಿಂದ ತಿಳಿಯದು. ಒಂದು ಚುನಾವಣೆ ಮುಗಿದು ಇನ್ನೊಂದು ಬರುವವರೆಗಿನ ದೀರ್ಘಕಾಲದಲ್ಲಿ ಹಳ್ಳಿಯ ಜನರು ಯಾವ ನೆಪದಿಂದ ಒಂದೆಡೆ ಕೂಡಿದರು, ಯಾರ ಕರೆಗೆ ಓಗೊಟ್ಟರು, ಕೂಡಿ ಏನನ್ನು ಕಟ್ಟಿದರು, ಹಾಗೆ ಕಟ್ಟಿದ್ದರಲ್ಲಿ ಉಳಿದುದೇನು ಎಂಬ ಪ್ರಶ್ನೆಗಳನ್ನು ಬೇರೆಯಾಗಿಯೇ ಕೇಳಬೇಕಾಗುತ್ತದೆ.

ಈ ಪ್ರಶ್ನೆಗಳನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಂಬ ನಾಲ್ಕು ತಾಲೂಕುಗಳ ಮಟ್ಟಿಗೆ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಈ ನಾಲ್ಕೂ ಇಂದು ವಿಧಾನಸಭೆಯ ಕ್ಷೇತ್ರಗಳ ಹೆಸರುಗಳಾಗಿಯೇ ಪತ್ರಿಕೆಗಳ ಓದುಗರಿಗೆ ಹೆಚ್ಚು ಪರಿಚಿತವಾಗಿವೆ. ಜಿಲ್ಲೆಯ ಗಡಿಗಳು ಹಲವು ಸಲ ಬದಲಾಗಿರುವುದನ್ನು ಆರಂಭದಲ್ಲಿಯೇ ಹೇಳಬೇಕು. ಹಿಂದಿನ ಕಲಾದಗಿ ಜಿಲ್ಲೆಯು ವಿಜಾಪುರ ಜಿಲ್ಲೆಯಾಯಿತು. ೧೯೯೭ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ೨೦೧೪ರಿಂದ ವಿಜಯಪುರವೆಂಬ ಹೆಸರು ರೂಢಿಗೆ ಬಂದಿತು. ಈಚೆಗೆ ಚಡಚಣ, ನಿಡಗುಂದಿ, ತಾಳಿಕೋಟಿ, ದೇವರ ಹಿಪ್ಪರಗಿ ಮೊದಲಾದ ಹೊಸ ತಾಲೂಕುಗಳು ಹುಟ್ಟಿಕೊಂಡಿವೆ. ಇಲ್ಲಿ ವಿವರಿಸುವ ಸಂಗತಿಗಳಲ್ಲಿ ಹೆಚ್ಚಿನವು ಹಳೆಯ ಗಡಿಗಳ ಕಾಲದವಾದುದರಿಂದ ಹಳೆಯ ತಾಲೂಕುಗಳನ್ನೂ ವಿಜಾಪುರವೆಂಬ ಹೆಸರನ್ನೂ ಉಳಿಸಿಕೊಂಡಿದೆ.

೨

ಮೊದಲು ನೆಲದ ಸ್ವರೂಪವನ್ನು ಗಮನಿಸಬೇಕು. ಇಂಡಿ ಮತ್ತು ಸಿಂದಗಿ ತಾಲೂಕುಗಳ ಅಂಚಿಗೆ ಭೀಮಾ ನದಿ; ಮುದ್ದೇಬಿಹಾಳ ಮತ್ತು ಬಾಗೇವಾಡಿಗಳ ತೆಂಕಣ ಅಂಚಿಗೆ ಕೃಷ್ಣಾ; ನಡುವೆ ತಾಳಿಕೋಟಿಯ ಕಡೆಗೆ ಹರಿದು ಕೃಷ್ಣೆಯನ್ನು ಸೇರುವ ಡೋಣಿ. ಡೋಣಿಯ ಎರೆಭೂಮಿ ಬೆಳೆದ ವರ್ಷ ಓಣಿಯಲ್ಲೆಲ್ಲ ಕಾಳು ಎಂಬುದು ಈ ಕಡೆಯ ಗಾದೆ. ಗಾದೆಯ ಮಗ್ಗುಲಲ್ಲಿಯೇ ಮರೆಯಲಾಗದ ಇನ್ನೊಂದು ಸತ್ಯವಿದೆ: ಡೋಣಿ ಬೆಳೆಯದ ವರ್ಷಗಳೂ ಅನೇಕ. ೧೮೭೬-೭೮ರ ಮಹಾಕ್ಷಾಮದಲ್ಲಿ ಈ ಸೀಮೆ ಪಟ್ಟ ಪಾಡು ಜನಗಣತಿಯಲ್ಲಿಯೇ ಕಾಣುತ್ತದೆ. ೧೮೭೨ರಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ್ದ ಜಿಲ್ಲೆಯ ಜನಸಂಖ್ಯೆ ೧೮೮೧ರಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಆ ನೆನಪು ಮಾಸುವ ಮೊದಲೇ ೧೮೯೬-೯೭ರಲ್ಲಿಯೂ ೧೮೯೯-೧೯೦೦ರಲ್ಲಿಯೂ ಮತ್ತೆ ಬರ ಬಂದಿತು.

ಇಂಥ ನೆಲದಲ್ಲಿ ಒಕ್ಕಲಿಗನಿಗೆ ಸರಕಾರವೆಂದರೆ ಕಂದಾಯ, ಸಾಲವೆಂದರೆ ಸಾಹುಕಾರ. ಹಳ್ಳಿಯ ಆಡಳಿತವು ವತನದ ಗೌಡ ಕುಲಕರ್ಣಿಯರ ಕೈಯಲ್ಲಿದ್ದು, ತಳವಾರ ವಾಲೀಕಾರರು ಅವರ ಕೈಕೆಳಗೆ ದುಡಿಯುವ ಏರ್ಪಾಡಿತ್ತು. ಊರಿಗೆ ಊರೇ ಕೂಡುವ ಸಂದರ್ಭಗಳಿಗೆ ಕೊರತೆಯಿರಲಿಲ್ಲ. ಜಾತ್ರೆ, ಉರುಸು, ಮೊಹರಂ, ಭಜನೆ, ಪುರಾಣಪ್ರವಚನ ಇವೆಲ್ಲವೂ ಇದ್ದವು. ಆದರೆ ಊರಿನ ಕಷ್ಟವನ್ನು ಊರವರೇ ಕೂತು ಲೆಕ್ಕ ಹಾಕಿ, ಠರಾವು ಬರೆದು, ಹಣ ಕೂಡಿಸಿ, ಒಂದು ಸಂಸ್ಥೆಯನ್ನು ಕಟ್ಟಿ ವರ್ಷವರ್ಷವೂ ನಡೆಸಿಕೊಂಡು ಹೋಗುವ ಅಭ್ಯಾಸ ಹೊಸದು. ಈ ಅಭ್ಯಾಸ ಇಲ್ಲಿ ಬೇರೂರಿದುದು ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ. ಅಂದಿನ ಜನರಲ್ಲಿ ಬಹುಪಾಲಿಗೆ ಮತದಾನದ ಹಕ್ಕೇ ಇರಲಿಲ್ಲವೆಂಬುದು ಈ ಲೇಖನದ ಮಟ್ಟಿಗೆ ಅತಿ ಮುಖ್ಯವಾದ ಸಂಗತಿ. ೧೯೧೯ರ ಸುಧಾರಣೆಗಳ ಮೇರೆಗೆ ಮುಂಬಯಿ ಕೌನ್ಸಿಲಿಗೆ ಮತ ಕೊಡುವ ಅಧಿಕಾರವು ಆಸ್ತಿ ಮತ್ತು ತೆರಿಗೆಗಳನ್ನು ಅವಲಂಬಿಸಿತ್ತು. ಹೀಗಿರುವಲ್ಲಿ ಮತ ಕೇಳುವುದಕ್ಕಾಗಿ ಸಾಮಾನ್ಯ ಜನರ ಬಾಗಿಲಿಗೆ ಹೋಗುವ ಪ್ರಮೇಯವೇ ಇರಲಿಲ್ಲ. ಆದಾಗ್ಯೂ ಕೆಲವರು ಅವರ ಬಾಗಿಲಿಗೆ ಹೋದರು. ಏಕೆ ಹೋದರು, ಹೋಗಿ ಏನು ಮಾಡಿದರು ಎಂಬುದನ್ನು ಈಗ ನೋಡೋಣ.

೩

೧೯೦೪ರಲ್ಲಿ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಕಾಯಿದೆಯ ಪದವಿಯನ್ನು ಪಡೆದು, ವಿಜಾಪುರಕ್ಕೆ ಬಂದು ವಕೀಲಿಗೆ ತೊಡಗಿದರು. ವಚನಗಳ ಸಂಶೋಧಕರೆಂದು ನಾಡೆಲ್ಲ ಅವರನ್ನು ಗೌರವಿಸುತ್ತದೆ. ೧೯೨೩ರಲ್ಲಿ ಬೆಳಕು ಕಂಡ ಅವರ ವಚನಶಾಸ್ತ್ರಸಾರದ ಮೊದಲ ಭಾಗದ ಮಹತ್ವವನ್ನು ಇಲ್ಲಿ ಹೇಳಬೇಕಾದುದಿಲ್ಲ. ಅವರ ಇನ್ನೊಂದು ಬಗೆಯ ದುಡಿಮೆ ನಮಗೆ ಇಲ್ಲಿ ಪ್ರಸ್ತುತವಾದುದು. ೧೯೧೦ರಲ್ಲಿ ವಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆ ಹುಟ್ಟಿತು. ೧೯೧೨ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಸ್ಥಾಪಿತವಾಯಿತು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ, ೧೯೨೬ರಲ್ಲಿ ‘ಶಿವಾನುಭವ’, ೧೯೨೭ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಒಕ್ಕಲಿಗರ ಮತ್ತು ನೇಕಾರರ ಸಹಕಾರಿ ಪ್ರಯತ್ನಗಳಲ್ಲಿಯೂ ಬರಪರಿಹಾರದ ಕೆಲಸದಲ್ಲಿಯೂ ಅವರು ತೊಡಗಿದ್ದರು. ನಡುವೆ ಕೆಲಕಾಲ ಮುಂಬಯಿ ಕಾಯಿದೆ ಕೌನ್ಸಿಲಿನ ಸದಸ್ಯರೂ ಆಗಿದ್ದರು. ಕೌನ್ಸಿಲಿನಲ್ಲಿ ಅವರು ಕುಳಿತದ್ದು ಕೆಲವೇ ವರ್ಷ. ೧೯೬೪ರಲ್ಲಿ ಅವರು ತೀರಿಕೊಳ್ಳುವವರೆಗಿನ ಆರು ದಶಕಗಳ ಸಾರ್ವಜನಿಕ ಜೀವನದಲ್ಲಿ ಆ ಅವಧಿ ಒಂದು ಚಿಕ್ಕ ಅಧ್ಯಾಯ ಮಾತ್ರ. ಅವರು ನೆಟ್ಟ ಶಿಕ್ಷಣ ಸಂಸ್ಥೆಯಾದರೋ ೨೦೦೮ರಲ್ಲಿ ವಿಶ್ವವಿದ್ಯಾಲಯದ ಮಟ್ಟಕ್ಕೆ ಏರಿತು.

ಸಹಕಾರಿ ಸಂಘದ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ನಿಂತು ನೋಡಬೇಕು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಂಘವು ಆರಂಭವಾಯಿತು. ಇಂಥ ಹಳ್ಳಿಯ ಸಂಘಗಳಲ್ಲಿ ಸದಸ್ಯನಿಗೆ ಒಂದೇ ಮತ. ಅವನ ಹೊಲ ಎಷ್ಟು ಕೂರಿಗೆಯದೆಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಕೌನ್ಸಿಲಿನ ಮತದಾರರ ಯಾದಿಯಲ್ಲಿ ಹೆಸರಿಲ್ಲದ ಒಕ್ಕಲಿಗನೂ ಸಂಘದ ಸಭೆಯಲ್ಲಿ ಕೈಯೆತ್ತಬಹುದಾಗಿತ್ತು. ಕೀರ್ದಿ ಖತಾವಣಿಗಳನ್ನು ತೋರಿಸಿರೆಂದು ಕೇಳಬಹುದಾಗಿತ್ತು. ಸಭೆ ಕರೆಯುವುದು, ಅಧ್ಯಕ್ಷನನ್ನು ಆರಿಸುವುದು, ವಾರ್ಷಿಕ ವರದಿಯನ್ನು ಓದುವುದು, ಬಾಕಿದಾರನಿಗೆ ನೋಟೀಸು ಕೊಡುವುದು ಇವೆಲ್ಲ ಪ್ರಜಾಪ್ರಭುತ್ವದ ಓನಾಮವೇ. ವಯಸ್ಕ ಮತದಾನವು ೧೯೫೧-೫೨ರಲ್ಲಿ ಈ ಸೀಮೆಗೆ ಬಂದಾಗ ಸಭೆಯೆಂದರೇನೆಂದು ಅರಿತ ಒಂದು ತಲೆಮಾರು ಅದನ್ನು ಎದುರುಗೊಂಡಿತೆಂಬುದು ಗಮನಾರ್ಹ.

೪

ಇದೇ ಕಾಲದಲ್ಲಿ ರಾಷ್ಟ್ರೀಯ ಚಳವಳಿಯೂ ಚುನಾವಣೆಯ ಹೊರಗೇ ಬೆಳೆಯಿತು. ೧೯೨೦ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಘಟನೆಯು ಮಾರ್ಪಟ್ಟು ಭಾಷಾನುಗುಣವಾದ ಪ್ರಾಂತಗಳೂ ನಾಲ್ಕಾಣೆಯ ಸದಸ್ಯತ್ವವೂ ಏರ್ಪಟ್ಟವು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳು ಕರ್ನಾಟಕ ಪ್ರಾಂತಿಕ ಸಮಿತಿಯ ಆಶ್ರಯಕ್ಕೆ ಬಂದವು. ಅದೇ ವರ್ಷದ ಕೌನ್ಸಿಲ್ ಚುನಾವಣೆಯನ್ನು ಕಾಂಗ್ರೆಸ್ಸು ಬಹಿಷ್ಕರಿಸಿತ್ತು. ೧೯೨೧ರಲ್ಲಿ ಬೆಜವಾಡದಲ್ಲಿ ನೆರೆದ ಅಖಿಲ ಭಾರತ ಸಮಿತಿಯು ಮುಂದಿಟ್ಟ ಕಾರ್ಯಕ್ರಮವೆಂದರೆ ತಿಲಕ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ, ಕಾಂಗ್ರೆಸ್ಸಿಗೆ ಒಂದು ಕೋಟಿ ಸದಸ್ಯರು, ಮನೆಗಳಲ್ಲಿ ಇಪ್ಪತ್ತು ಲಕ್ಷ ಚರಕಗಳು. ಮತವನ್ನು ಬೇಡದೆ ನಾಲ್ಕಾಣೆಯನ್ನೂ ನೂಲನ್ನೂ ಬೇಡಿದ ಈ ಕಾರ್ಯಕ್ರಮವು ಕಾರ್ಯಕರ್ತನನ್ನು ತಾಲೂಕಿನ ಊರಿನಿಂದ ಹಳ್ಳಿಗೆ ಅಟ್ಟಿತು. ವಿಜಾಪುರದಲ್ಲಿ ಕೌಜಲಗಿ ಶ್ರೀನಿವಾಸರಾಯರಂಥ ವಕೀಲರು ಈ ಕಾರ್ಯಕ್ಕೆ ಮುಂದಾಳುಗಳಾದರು. ಕೌನ್ಸಿಲನ್ನು ಹೊಕ್ಕವರು ಒಂದು ಕಡೆ, ಬಹಿಷ್ಕರಿಸಿದವರು ಇನ್ನೊಂದು ಕಡೆ. ಸಂಸ್ಥೆಗಳನ್ನು ಕಟ್ಟದ ಹೊರತು ಜನರು ಒಂದುಗೂಡರೆಂಬ ವಿಷಯದಲ್ಲಿ ಮಾತ್ರ ಎರಡು ಪಕ್ಷದವರಿಗೂ ಭೇದವಿರಲಿಲ್ಲ.

ಈ ನಂಬಿಕೆಯನ್ನು ಬದುಕಿ ತೋರಿಸಿದವರು ಹರ್ಡೇಕರ ಮಂಜಪ್ಪನವರು. ಬನವಾಸಿಯಲ್ಲಿ ೧೮೮೬ರಲ್ಲಿ ಹುಟ್ಟಿದ ಮಂಜಪ್ಪನವರು ಸ್ವದೇಶಿ ಚಳವಳಿಯ ಕಾಲದಲ್ಲಿ ಶಾಲಾಮಾಸ್ತರಿಕೆಯನ್ನು ಬಿಟ್ಟರು. ೧೯೦೬ರಲ್ಲಿ ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದರು. ೧೯೧೩ರಲ್ಲಿ ಅಲ್ಲಿಯೇ ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸುವ ಪದ್ಧತಿಗೆ ನಾಂದಿ ಹಾಡಿದರು. ಹರಿಹರದಲ್ಲಿ ಆಶ್ರಮವನ್ನು ನಡೆಸಿದ ತರುವಾಯ ೧೯೨೭ರ ಸುಮಾರಿಗೆ ಅವರು ಅಂದಿನ ಬಾಗೇವಾಡಿ ತಾಲೂಕಿನ ಆಲಮಟ್ಟಿಗೆ ಬಂದು ವಿದ್ಯಾಲಯವನ್ನು ಸ್ಥಾಪಿಸಿದರು. ಮೈಮುರಿದು ದುಡಿಯುವುದು, ನೂಲುವುದು, ಸರಳವಾದ ಊಟ, ಪ್ರಾರ್ಥನೆ ಇವು ಅಲ್ಲಿಯ ಓದಿನ ಅಂಗಗಳಾಗಿದ್ದವು. ೧೯೪೭ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಉಳಿದಿರಲು, ಅವರು ಕಾಲವಾದರು.

ಮಂಜಪ್ಪನವರ ಪದ್ಧತಿಯಲ್ಲಿ ಇತಿಹಾಸಕಾರನು ಗಮನಿಸತಕ್ಕ ಅಂಶವೊಂದಿದೆ. ಅವರು ಜನರಿಗೆ ಅಪರಿಚಿತವಾದ ಸಭೆಯ ರೂಪವನ್ನು ಹೊರಗಿನಿಂದ ತಂದು ಹೇರಲಿಲ್ಲ. ಭಜನೆಯ ಮೇಳ, ಪ್ರವಚನ, ಜಯಂತಿಯ ಮೆರವಣಿಗೆ ಇವು ಊರಿಗೆ ತಿಳಿದ ರೂಪಗಳು. ಅವುಗಳೊಳಗೆ ಖಾದಿ, ಪಾನನಿರೋಧ, ಅಸ್ಪೃಶ್ಯತಾನಿವಾರಣೆ, ಸ್ತ್ರೀಶಿಕ್ಷಣ ಎಂಬ ಹೊಸ ಕಾಳನ್ನು ತುಂಬಿದರು. ಬಸವಣ್ಣನವರ ಜನ್ಮಭೂಮಿಯೆಂದು ಹೆಸರಾದ ಬಾಗೇವಾಡಿಯ ಸೀಮೆಯಲ್ಲಿ ಕಾಯಕವೆಂಬ ಶಬ್ದವನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಅದನ್ನು ಚರಕಕ್ಕೂ ಸಲಿಕೆಗೂ ಹೊಂದಿಸಿ ತೋರಿಸಿದರೆ ಸಾಕಾಗಿತ್ತು.

ಇಂಡಿ ತಾಲೂಕಿನ ಹಲಸಂಗಿಯಲ್ಲಿ ಸಂಘಟನೆಯು ಇನ್ನೊಂದು ರೂಪವನ್ನು ತಾಳಿತು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಸೇರಿದ ಗೆಳೆಯರ ಬಳಗವು ಹಳ್ಳಿಯಲ್ಲಿ ಕುಳಿತೇ ಹಾಡುಗಳನ್ನು ಕೂಡಿಸಿತು. ‘ಗರತಿಯ ಹಾಡು’ ೧೯೩೧ರಲ್ಲಿಯೂ ‘ಜೀವನ ಸಂಗೀತ’ ೧೯೩೩ರಲ್ಲಿಯೂ ‘ಮಲ್ಲಿಗೆ ದಂಡೆ’ ೧೯೩೫ರಲ್ಲಿಯೂ ಪ್ರಕಟವಾದವು. ಇದನ್ನು ಸಾಹಿತ್ಯದ ಇತಿಹಾಸಕ್ಕೆ ಸೇರಿದುದೆಂದು ಬದಿಗಿರಿಸುವುದು ವಾಡಿಕೆ. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಮಾತು ಅಚ್ಚಿನಲ್ಲಿ ಬರಲು ತಕ್ಕುದೆಂದು ಒಂದು ಹಳ್ಳಿಯ ತರುಣರು ನಿರ್ಧರಿಸಿದ್ದು, ಆ ಕೆಲಸದಲ್ಲಿ ಜಾತಿಮತಗಳ ಗೋಡೆಯನ್ನು ಗಣಿಸದೆ ಕೂಡಿದ್ದು, ಸಾರ್ವಜನಿಕ ಜೀವನದ ಇತಿಹಾಸಕ್ಕೂ ಸಂಬಂಧಿಸಿದ ಸಂಗತಿಯೇ. ಜನರನ್ನು ಕೂಡಿಸುವವನು ಮೊದಲು ಜನರ ಮಾತನ್ನು ಕೇಳಬೇಕು. ಹಲಸಂಗಿಯ ಗೆಳೆಯರು ಮಾಡಿದ್ದು ಈ ಮೊದಲ ಕೆಲಸವನ್ನು. ಹಲಸಂಗಿ ಈಗ ಚಡಚಣ ತಾಲೂಕಿಗೂ ಆಲಮಟ್ಟಿ ನಿಡಗುಂದಿ ತಾಲೂಕಿಗೂ ಸೇರಿವೆ.

೫

ಇಷ್ಟನ್ನು ಹೇಳಿ ನಿಲ್ಲಿಸಿದರೆ ಇದು ಸ್ತುತಿಯಾದೀತು, ಇತಿಹಾಸವಾಗದು. ಈ ಸಂಘಟನೆಗಳ ಒಳಗೆ ಯಾರು ಇದ್ದರೆಂಬುದರ ಜತೆಗೆ ಯಾರು ಇರಲಿಲ್ಲವೆಂಬುದನ್ನೂ ಕೇಳಬೇಕು.

ಈ ಪ್ರಶ್ನೆಯನ್ನು ವಿಜಾಪುರದ ನೆಲದಲ್ಲಿಯೇ ಗಾಂಧೀಜಿಯವರು ಎತ್ತಿದ್ದರು. ೧೯೧೮ರ ಮೇ ತಿಂಗಳಿನಲ್ಲಿ ಮುಂಬಯಿ ಪ್ರಾಂತಿಕ ಪರಿಷತ್ತು ವಿಜಾಪುರದಲ್ಲಿ ನೆರೆಯಿತು. ಅಸ್ಪೃಶ್ಯರೆನಿಸಿಕೊಂಡವರ ಸ್ಥಿತಿಯನ್ನು ಕುರಿತ ನಿರ್ಣಯವು ಸಭೆಯ ಮುಂದೆ ಬಂದಾಗ, ಆ ಜನರಲ್ಲಿ ಯಾರಾದರೂ ಇಲ್ಲಿರುವರೇ ಎಂದು ಗಾಂಧೀಜಿಯವರು ಕೇಳಿದರು. ಒಬ್ಬರೂ ಇರಲಿಲ್ಲ. ಅವರೇ ಇಲ್ಲದ ಸಭೆಯು ಅವರ ಪರವಾಗಿ ಮಾಡುವ ನಿರ್ಣಯಕ್ಕೆ ಅರ್ಥವಿಲ್ಲವೆಂಬುದು ಗಾಂಧೀಜಿಯವರ ಅಭಿಪ್ರಾಯವಾಗಿತ್ತು. ಒಂದು ಸಭೆಯ ಯೋಗ್ಯತೆಯನ್ನು ಅದರ ಠರಾವುಗಳಿಂದ ಅಳೆಯದೆ ಅಲ್ಲಿಗೆ ಬಾರದೆ ಉಳಿದವರಿಂದ ಅಳೆಯುವ ಈ ಕ್ರಮವು ಜನಸಂಘಟನೆಯ ಇತಿಹಾಸವನ್ನು ಬರೆಯುವವರಿಗೆ ಒರೆಗಲ್ಲಾಗಬಲ್ಲುದು.

ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಮೇಲೆ ಹೇಳಿದ ಸಂಸ್ಥೆಗಳ ಮಿತಿಗಳು ತೋರುತ್ತವೆ. ಸಹಕಾರಿ ಸಂಘದಲ್ಲಿ ಎಲ್ಲರಿಗೂ ಒಂದೇ ಮತವೆಂಬುದು ದಿಟ. ಆದರೆ ಸದಸ್ಯನಾಗಲು ಸಾಲಕ್ಕೆ ಭದ್ರತೆಯಾಗಿ ಏನಾದರೂ ಇರಬೇಕು, ಇಲ್ಲವೆ ಜಾಮೀನು ನಿಲ್ಲುವವರಾದರೂ ಇರಬೇಕು. ಹೊಲವಿಲ್ಲದ ಕೂಲಿಕಾರನಿಗೆ ಎರಡೂ ದುರ್ಲಭ. ಶಿಕ್ಷಣ ಸಂಸ್ಥೆಗಳು ಹಳ್ಳಿಯ ಒಕ್ಕಲು ಮಕ್ಕಳಿಗೆ ಬಾಗಿಲು ತೆರೆದವು. ಆದರೆ ಅವುಗಳನ್ನು ಕಟ್ಟಿದ್ದು ಹೆಚ್ಚಾಗಿ ಒಂದೊಂದು ಸಮಾಜದ ಹೆಸರಿನಲ್ಲಿ. ಅದಕ್ಕೆ ಕಾರಣವೂ ಇತ್ತು. ಸರಕಾರದ ಶಾಲೆಗಳು ವಿರಳವಾಗಿದ್ದ ಕಾಲದಲ್ಲಿ ಹಣ ಕೂಡಿಸಲು ಮಠದ ಭಕ್ತವರ್ಗವೇ ಆಧಾರ. ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಹಳ್ಳಿಹಳ್ಳಿಗೆ ಹೋಗಿ ವಿದ್ಯೆಗಾಗಿ ಜೋಳಿಗೆ ಹಿಡಿದುದರಿಂದ ಹಳಕಟ್ಟಿಯವರು ನೆಟ್ಟ ಸಂಸ್ಥೆಗೆ ಬಲ ಬಂದಿತು. ಭಕ್ತಿಯ ಕಟ್ಟು ಗಟ್ಟಿಯಾದುದು. ಆದರೆ ಅದು ಕಟ್ಟುವುದು ತನ್ನ ಸುತ್ತಿನೊಳಗಿನವರನ್ನು. ಸುತ್ತಿನ ಹೊರಗೆ ಉಳಿದವರು ಕೇರಿಯ ಜನ. ಹೆಣ್ಣುಮಕ್ಕಳಂತೂ ಎಲ್ಲ ಕೇರಿಗಳಲ್ಲಿಯೂ ಹೊರಗೇ ಉಳಿದರು. ಅವರ ಹಾಡು ಪುಸ್ತಕವಾಯಿತು. ಅವರು ಸಭೆಗೆ ಬರಲಿಲ್ಲ.

೬

ಸ್ವಾತಂತ್ರ್ಯದ ನಂತರ ಎರಡು ದೊಡ್ಡ ಬದಲಾವಣೆಗಳಾದವು. ವಯಸ್ಕರಿಗೆಲ್ಲ ಮತದಾನದ ಹಕ್ಕು ಬಂದುದು ಒಂದು. ೧೯೫೬ರ ನವೆಂಬರ ೧ರಂದು ಜಿಲ್ಲೆಯು ಮುಂಬಯಿ ರಾಜ್ಯದಿಂದ ಬಿಡುಗಡೆಯಾಗಿ ವಿಶಾಲ ಮೈಸೂರು ರಾಜ್ಯವನ್ನು ಸೇರಿದುದು ಇನ್ನೊಂದು. ಏಕೀಕರಣದ ಚಳವಳಿಯೂ ಬಹುಮಟ್ಟಿಗೆ ಮತಪೆಟ್ಟಿಗೆಯ ಹೊರಗೆ ಬೆಳೆದುದೇ. ನಾಡಹಬ್ಬ, ವಾಚನಾಲಯ, ಸಾಹಿತ್ಯ ಸಮ್ಮೇಲನಗಳು ಅದರ ಅಂಗಳ. ಇವೆರಡು ಬದಲಾವಣೆಗಳಿಂದ ಸಂಘಟನೆಗೆ ಪುಷ್ಟಿ ಬರಬೇಕಾಗಿತ್ತು. ಒಂದು ರೀತಿಯಿಂದ ಬಂದಿತೂ ಹೌದು. ಮುಖಂಡನಾದವನು ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವಂತಿಲ್ಲವೆಂಬ ಪರಿಸ್ಥಿತಿ ಹುಟ್ಟಿತು. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇರೆ, ಸಭೆಗೆ ಕರೆಯುವುದು ಬೇರೆ. ಹಿಂದೆ ಸಂಸ್ಥೆಯನ್ನು ಕಟ್ಟಿದವನಿಗೆ ಅದೇ ಗುರಿಯಾಗಿತ್ತು. ಮತದ ಬೆಲೆ ತಿಳಿದ ಮೇಲೆ ಬ್ಯಾಂಕು, ಸೊಸಾಯಟಿ, ಶಾಲೆ ಇವು ಏಣಿಯ ಮೆಟ್ಟಿಲುಗಳಾಗುವ ಸಂಭವವೂ ಉಂಟಾಯಿತು. ಏಣಿಯನ್ನು ಹತ್ತಿದವನಿಗೆ ಮೆಟ್ಟಿಲಿನ ಚಿಂತೆ ಇರದು. ಇದು ಈ ನಾಲ್ಕು ತಾಲೂಕುಗಳಿಗೇ ಮೀಸಲಾದ ದೋಷವಲ್ಲ. ವಯಸ್ಕ ಮತದಾನದ ನಾಡುಗಳಲ್ಲೆಲ್ಲ ಕಾಣುವ ಸ್ವಭಾವ.

ಸ್ಥಳೀಯ ಸ್ವರಾಜ್ಯದ ಕಾಯಿದೆಗಳು ಈ ಅಂತರವನ್ನು ತುಂಬಲು ಯತ್ನಿಸಿದವು. ೧೯೫೯ರ ಗ್ರಾಮಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ತಾಲೂಕು ಅಭಿವೃದ್ಧಿ ಮಂಡಳಿಗಳನ್ನು ತಂದಿತು. ೧೯೮೩ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರವು, ಅಬ್ದುಲ್ ನಜೀರ್‌ಸಾಬರ ಶ್ರಮದಿಂದ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯಿದೆಯನ್ನು ಮಾಡಿತು. ೧೯೮೭ರಲ್ಲಿ ಅದರ ಮೇರೆಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡಾ ೨೫ರಷ್ಟು ಸ್ಥಾನಗಳು ಮೀಸಲಾದವು. ಸಂವಿಧಾನದ ತಿದ್ದುಪಡಿಯನ್ನು ಅನುಸರಿಸಿ ಬಂದ ೧೯೯೩ರ ಪಂಚಾಯತರಾಜ್ ಕಾಯಿದೆ ಆ ಪಾಲನ್ನು ಮೂರನೆಯ ಒಂದಕ್ಕೂ, ೨೦೧೦ರ ತಿದ್ದುಪಡಿ ಅರ್ಧಕ್ಕೂ ಏರಿಸಿದವು. ೧೯೧೮ರ ಸಭೆಯಲ್ಲಿ ಇಲ್ಲದವರಿಗೆ ಕುರ್ಚಿಯನ್ನು ಹಾಕಿದ್ದು ಕಾಯಿದೆ. ಕುರ್ಚಿಯಲ್ಲಿ ಕುಳಿತವರು ಬಾಯಿ ತೆರೆದು ಮಾತನಾಡುವಂತಾಗಲು ಕಾಯಿದೆಯೊಂದೇ ಸಾಲದು. ಅದಕ್ಕೆ ಬೇಕಾದುದು ಮತ್ತೆ ಹಳೆಯ ಸಾಧನವೇ, ಎಂದರೆ ಚುನಾವಣೆಗೆ ಮುಂಚಿನ ವರ್ಷಗಳ ಮೌನವಾದ ದುಡಿಮೆ.

೭

ಅಂಥ ದುಡಿಮೆಗೆ ಈ ಜಿಲ್ಲೆಯಲ್ಲಿಯೇ ಒಂದು ನಿದರ್ಶನವಿದೆ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ೧೯೮೯ರಲ್ಲಿ ಮಹಿಳಾ ಸಮಾಖ್ಯಾ ಎಂಬ ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆಯ್ದುಕೊಂಡ ಜಿಲ್ಲೆಗಳು ಬೀದರ, ವಿಜಾಪುರ ಮತ್ತು ಮೈಸೂರು. ಸರಕಾರದ ಹಣದಿಂದ ನಡೆದರೂ ಇದರ ನಡಿಗೆ ಸರಕಾರದ ಉಳಿದ ಯೋಜನೆಗಳಂತಿರಲಿಲ್ಲ. ಇಷ್ಟು ಕಾಲದಲ್ಲಿ ಇಷ್ಟು ಜನಕ್ಕೆ ಅಕ್ಷರ ಕಲಿಸಬೇಕೆಂಬ ಗುರಿಯನ್ನು ಮೇಲಿನಿಂದ ಹಾಕಿರಲಿಲ್ಲ. ಎಮ್ಮೆ, ಹೊಲಿಗೆಯಂತ್ರ, ಸಾಲ ಇವುಗಳನ್ನು ಹಂಚುವ ಆಸೆಯನ್ನೂ ತೋರಿಸಲಿಲ್ಲ. ಸುಮಾರು ಹತ್ತು ಹಳ್ಳಿಗಳಿಗೆ ಒಬ್ಬ ಸಹಯೋಗಿನಿ. ಆಕೆ ಹಳ್ಳಿಗೆ ಹೋಗಿ, ಕೂಲಿಯಿಂದ ಹಿಂತಿರುಗಿದ ಹೆಂಗಸರನ್ನು ರಾತ್ರಿ ಊಟದ ಹೊತ್ತು ಕಳೆದ ಮೇಲೆ ಒಂದೆಡೆ ಕೂಡಿಸಿ, ಅವರ ಮಾತು ಕೇಳುವಳು. ಬಂದವರಲ್ಲಿ ಹೆಚ್ಚಿನವರು ಹೊಲವಿಲ್ಲದ ದಲಿತ ಹೆಣ್ಣುಮಕ್ಕಳು.

ನೀವು ಏನು ಕೊಡುತ್ತೀರಿ ಎಂಬುದು ಇಂಥ ಕಾರ್ಯಕರ್ತೆಗೆ ಹಳ್ಳಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ. ಏನೂ ಕೊಡುವುದಿಲ್ಲವೆಂಬ ಉತ್ತರಕ್ಕೆ ಜನ ಎದ್ದು ಹೋದರೆ ಅದು ಸಹಜ. ಮತ್ತೆ ಮತ್ತೆ ಹೋದುದರಿಂದ ಸಂಘಗಳು ನಿಂತವು. ಕುಡಿಯುವ ನೀರು, ಕೂಲಿಯ ದರ, ಪಡಿತರ, ಮಗಳ ಶಾಲೆ, ಬಾಲ್ಯವಿವಾಹ, ದೇವದಾಸಿ ಪದ್ಧತಿ ಇವು ಚರ್ಚೆಗೆ ಬಂದವು. ತಾಲೂಕಿನ ಕಚೇರಿಗೆ ಹೋಗಿ ಅರ್ಜಿ ಕೊಡುವುದನ್ನು ಕಲಿತರು. ಅರ್ಜಿಗೆ ಹೆಬ್ಬೆಟ್ಟು ಒತ್ತುವ ಬದಲು ಸಹಿ ಮಾಡಬೇಕೆಂಬ ಆಸೆ ಹುಟ್ಟಿದ ಮೇಲೆ ಅಕ್ಷರ ತಾನಾಗಿ ಬಂದಿತು. ಸಭೆ ಕೂಡಲು ತಮ್ಮದೇ ಆದ ಸಂಘದ ಮನೆಗಳೂ ಹಲವೆಡೆ ಎದ್ದವು. ಹೊಸ ಕಾಯಿದೆಯ ಮೇರೆಗೆ ೧೯೯೩ರ ಕೊನೆಯಲ್ಲಿ ಗ್ರಾಮಪಂಚಾಯತಿಗಳ ಚುನಾವಣೆ ಬಂದಾಗ ಸಮಾಖ್ಯಾದ ಸಂಘಗಳ ಹೆಂಗಸರು ಉಮೇದುವಾರರಾಗಿ ನಿಂತರು, ಗೆದ್ದವರೂ ಉಂಟು. ಗೆದ್ದ ಸದಸ್ಯೆಗೆ ಹಿಂದಿನಿಂದ ಒತ್ತಾಸೆಯಾಗಿ ಸಂಘವಿದ್ದಿತು. ತಪ್ಪಿ ನಡೆದರೆ ಕೇಳಲೂ ಸಂಘವಿದ್ದಿತು. ಇಲ್ಲಿ ಸಂಘಟನೆ ಮೊದಲು ಬಂದಿತು, ಮತ ಆಮೇಲೆ ಬಂದಿತು. ಸಹಕಾರಿ ಸಂಘದ ಕಾಲದ ಅನುಭವವೇ ಬೇರೊಂದು ಕೇರಿಯಲ್ಲಿ ಮರುಕಳಿಸಿತೆನ್ನಬಹುದು.

ಈ ನಿದರ್ಶನಕ್ಕೂ ಅದರದೇ ಆದ ಕೊರತೆ ಉಂಟು. ಸುಮಾರು ೨೦೧೬ರ ವೇಳೆಗೆ ಕೇಂದ್ರದ ನೆರವು ನಿಂತು ಕಾರ್ಯಕ್ರಮವು ಮುಗಿಯಿತು. ಹೊರಗಿನ ಹಣದಿಂದ ನಡೆದ ಸಂಘಟನೆಯು ಹಣ ನಿಂತ ಮೇಲೆ ಎಷ್ಟು ದಿನ ಬಾಳೀತೆಂಬುದು ಪ್ರಶ್ನೆ. ಬಂಥನಾಳದ ಶಿವಯೋಗಿಗಳ ಜೋಳಿಗೆಗೆ ಬಿದ್ದ ಕಾಳು ಹಳ್ಳಿಯದೇ ಆಗಿತ್ತು. ಆದುದರಿಂದ ಆ ಸಂಸ್ಥೆಗೆ ದಿಲ್ಲಿಯ ಆಜ್ಞೆಯ ಭಯವಿರಲಿಲ್ಲ. ಇತ್ತ ದಲಿತ ಕೂಲಿಯ ಹೆಣ್ಣುಮಗಳಿಗೆ ಜೋಳಿಗೆ ತುಂಬುವ ಭಕ್ತವರ್ಗವಿರಲಿಲ್ಲ. ಹಳೆಯ ಸಂಸ್ಥೆಗಳಿಗೆ ಬಾಳಿಕೆ ಇತ್ತು, ಹರಹು ಕಡಿಮೆ. ಹೊಸ ಸಂಘಗಳಿಗೆ ಹರಹು ಇತ್ತು, ಬಾಳಿಕೆ ಕಡಿಮೆ. ಈ ಎರಡು ಗುಣಗಳನ್ನು ಒಂದೇ ಕಡೆ ಕೂಡಿಸುವ ಬಗೆ ಯಾವುದೆಂಬುದು ಇಡಿಯ ಶತಮಾನದ ಅನುಭವವು ನಮ್ಮ ಮುಂದೆ ಇಟ್ಟಿರುವ ಸಮಸ್ಯೆ.

೮

ಈ ಸಮಸ್ಯೆ ಕೇವಲ ಪಾಂಡಿತ್ಯದ್ದಲ್ಲ. ಆಲಮಟ್ಟಿಯಲ್ಲಿ ೧೯೬೪ರ ಮೇ ೨೨ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಮಂಜಪ್ಪನವರ ವಿದ್ಯಾಲಯದ ಊರು ಇಂದು ಜಲಾಶಯದ ಊರೆಂದೇ ಪ್ರಸಿದ್ಧ. ಕಾಲುವೆಗಳು ಕೆಲವು ಕಡೆ ನೀರು ತಂದಿವೆ. ಕೆಲವು ಊರುಗಳು ನೀರಿನಲ್ಲಿ ಮುಳುಗಿ ಬೇರೆಡೆ ನೆಲೆಗೊಂಡಿವೆ. ಆದರೂ ಈ ತಾಲೂಕುಗಳಿಂದ ಗುಳೆ ಹೋಗುವುದು ನಿಂತಿಲ್ಲ. ಸುಗ್ಗಿ ಮುಗಿದ ಮೇಲೆ ಸಂಸಾರಸಹಿತ ಗೋವೆಗೂ ಮಹಾರಾಷ್ಟ್ರದ ಕಬ್ಬಿನ ಸೀಮೆಗೂ ಮಂಗಳೂರು ಬೆಂಗಳೂರುಗಳ ಕಟ್ಟಡದ ಕೆಲಸಕ್ಕೂ ಹೋಗುವವರು ಬಹಳ. ಮತದಾನದ ದಿನ ಸಮೀಪಿಸಿದಾಗ ಇವರನ್ನು ಕರೆತರಲು ವಾಹನಗಳು ಹೋಗುವುದನ್ನು ಈ ಕಡೆಯವರೆಲ್ಲ ಬಲ್ಲರು. ಮತ ಹಾಕಿದ ಮರುದಿನ ಅವರು ಹಿಂತಿರುಗುವರು. ಮತದಾರನು ಎಲ್ಲಿರುವನೆಂಬುದನ್ನು ಕಂಡುಹಿಡಿಯುವ ಶಕ್ತಿ ಪಕ್ಷಗಳಿಗೆ ಇದೆಯೆಂದಾಯಿತು. ಅದೇ ಮನುಷ್ಯನಿಗೆ ದೂರದ ಊರಿನಲ್ಲಿ ಕೂಲಿ ಸಿಗದಾದಾಗ, ಅಪಘಾತವಾದಾಗ, ಮಕ್ಕಳ ಶಾಲೆ ತಪ್ಪಿದಾಗ ಅವನನ್ನು ಹುಡುಕಿಕೊಂಡು ಹೋಗುವ ಸಂಘ ಯಾವುದಿದೆ? ಗ್ರಾಮಸಭೆ ಕೂಡುವ ದಿನ ಅವನಿಗಾಗಿ ಯಾರು ವಾಹನ ಕಳಿಸುವರು? ಸಭೆಯಲ್ಲಿ ಯಾರು ಇಲ್ಲವೆಂಬ ೧೯೧೮ರ ಪ್ರಶ್ನೆಗೆ ಇಂದಿನ ಉತ್ತರಗಳಲ್ಲಿ ಗುಳೆ ಹೋದವನದೂ ಒಂದು.

ಮೇಲಿನ ವಿಚಾರದಿಂದ ಮೂರು ಮಾತುಗಳು ನಿಷ್ಪನ್ನವಾಗುತ್ತವೆ. ಮೊದಲನೆಯದಾಗಿ, ಈ ಸೀಮೆಯಲ್ಲಿ ಬಾಳಿದ ಸಂಘಟನೆಗಳೆಲ್ಲ ನಿತ್ಯದ ಅಗತ್ಯವೊಂದನ್ನು, ಎಂದರೆ ಸಾಲ, ವಿದ್ಯೆ, ನೀರು, ಕೂಲಿ ಇವುಗಳಲ್ಲೊಂದನ್ನು ಹಿಡಿದು ಬೆಳೆದವು. ಜನರಿಗೆ ಪರಿಚಿತವಾದ ಕೂಟದ ರೂಪಗಳನ್ನು ಬಳಸಿಕೊಂಡವು. ಎರಡನೆಯದಾಗಿ, ಪ್ರತಿಯೊಂದು ಸಂಘಟನೆಯೂ ಕೆಲವರನ್ನು ಹೊರಗೆ ಉಳಿಸಿತು, ಮುಂದಿನ ತಲೆಮಾರಿನ ಸಂಘಟನೆ ಆ ಹೊರಗುಳಿದವರಿಂದಲೇ ಆರಂಭವಾಯಿತು. ಮೂರನೆಯದಾಗಿ, ಮತದಾನದ ಹಕ್ಕು ಸಂಘಟನೆಗೆ ಬದಲಿಯಾಗಲಾರದು. ಸಂಘಟಿತವಾದ ಜನರ ಕೈಯಲ್ಲಿ ಅದು ಆಯುಧ, ಅಸಂಘಟಿತರ ಕೈಯಲ್ಲಿ ಒಂದು ದಿನದ ಮರ್ಯಾದೆ.

ಈ ವಿಷಯದಲ್ಲಿ ಮಾಡಬೇಕಾದ ಕೆಲಸ ಬಹಳ ಉಳಿದಿದೆ. ಸಹಕಾರಿ ಸಂಘಗಳ ಹಳೆಯ ಠರಾವು ಪುಸ್ತಕಗಳು, ವಾಚನಾಲಯಗಳ ಹಾಜರಿ ಪಟ್ಟಿಗಳು, ಮಠಗಳ ದಾಸೋಹದ ಲೆಕ್ಕಗಳು, ಜಯಂತ್ಯುತ್ಸವಗಳ ಕರಪತ್ರಗಳು, ಮಹಿಳಾ ಸಂಘಗಳ ದಫ್ತರಗಳು ಇವು ಇತಿಹಾಸದ ಮೂಲಸಾಮಗ್ರಿಗಳೆಂಬ ಭಾವನೆ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಶಾಸನಗಳಿಗೂ ತಾಳೆಗರಿಗಳಿಗೂ ತೋರುವ ಆಸ್ಥೆಯಲ್ಲಿ ಸ್ವಲ್ಪವನ್ನು ಇವುಗಳಿಗೂ ತೋರಬೇಕು. ಏಕೆಂದರೆ ಕಲ್ಲು ಕಾಯುತ್ತದೆ, ಕಾಗದ ಕಾಯುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಂತಮ್ಮ ಊರಿನ ಒಂದೊಂದು ಸಂಘದ ಚರಿತ್ರೆಯನ್ನು ಹಳೆಯ ಸದಸ್ಯರಿಂದ ಕೇಳಿ ಬರೆದಿಟ್ಟರೆ, ಜಿಲ್ಲೆಯ ರಾಜಕೀಯ ಇತಿಹಾಸವನ್ನು ಚುನಾವಣೆಗಳ ಪಟ್ಟಿಯಿಂದ ಬಿಡಿಸಿ ಬರೆಯಲು ದಾರಿಯಾದೀತು. ಬರೆಯುವಾಗ, ಆ ಸಂಘದ ಸಭೆಗೆ ಯಾರು ಬರಲಿಲ್ಲವೆಂಬುದನ್ನು ಕೇಳಿ ಬರೆದುಕೊಳ್ಳುವುದನ್ನು ಮರೆಯಬಾರದು.